ಧೂಳಿನ ಕಂಬ

೧೯೯೬ರ ಮಾರ್ಚ್ ೧೧, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸ್ಟ್ರೆಚರಿನ ಮುಂಭಾಗ ಆಗಲೇ ವ್ಯಾನಿನೊಳಗೆ ಸೇರಿತ್ತು. ಹಿಂಭಾಗ ಇನ್ನೂ ಸತ್ತವರ ತಮ್ಮನ ಕೈಯಲ್ಲಿತ್ತು.

“ಸ್ವಲ್ಪ ತಡೀರಿ,” ಎಂದಳು ತೀರಿಕೊಂಡವರ ಹೆಂಡತಿ. ಕೈಯಲ್ಲಿ ಡಾಕ್ಟರು ಆಗಷ್ಟೇ ಬರೆದುಕೊಟ್ಟ ಚೀಟಿ. “ಡಾಕ್ಟ್ರೇ, ಇದೇನು ಬರೆದಿದೀರಿ?”

“ಹೃದಯಸ್ತಂಭನ ಅಂತ, ಅಮ್ಮಾ.”

“ಹೃದಯ ನಿಲ್ಲದೆ ಸಾಯೋರು ಯಾರಿದಾರೆ?”

ಬಾಗಿಲ ಬಳಿ ನಿಂತಿದ್ದ ಆಫೀಸಿನ ಟೈಪಿಸ್ಟ್ ತಲೆ ತಗ್ಗಿಸಿದಳು. ಅದು ಸತ್ತವರದೇ ಮಾತು. ಆರೋಗ್ಯ ಕಚೇರಿಯಲ್ಲಿ ಅವರನ್ನು ಎಲ್ಲರೂ ಕಂಬದ ಮೇಷ್ಟ್ರು ಎನ್ನುತ್ತಿದ್ದರು. ಊರಿನ ಸಾವುಗಳ ಚಾರ್ಟನ್ನು ಗೋಡೆಯ ಮೇಲೆ ನಿಲ್ಲಿಸುವುದು ಅವರ ಕೆಲಸ. ಹೃದಯ, ಜ್ವರ, ಅಪಘಾತ, ಧೂಳು, ಹೀಗೆ ಒಂದೊಂದು ಕಾರಣಕ್ಕೆ ಒಂದೊಂದು ಕಂಬ. ಒಂದು ಸಾವಿಗೆ ನಾಲ್ಕು ಮಿಲಿಮೀಟರ್ ಎತ್ತರದ ಬಣ್ಣದ ಕಾಗದ. ಕಾಗದವನ್ನು ಮನೆಯಲ್ಲಿ ಕತ್ತರಿಸಿಕೊಡುತ್ತಿದ್ದವಳು ಹೆಂಡತಿ.

“ಕಚೇರಿ ಸೇರೋಕೆ ಮುಂಚೆ ಅಣ್ಣ ಜಲ್ಲಿ ಕಾರ್ಖಾನೇಲಿ ಎಷ್ಟು ಧೂಳು ಕುಡಿದಿದಾನೆ ಅಂತ ನಂಗೂ ಗೊತ್ತು, ಅತ್ತಿಗೆ,” ಎಂದ ತಮ್ಮ. “ಈಗ ಅದೆಲ್ಲ ಯಾಕೆ? ಜನ ಬಿಸಿಲಲ್ಲಿ ನಿಂತಿದಾರೆ.”

ಡಾಕ್ಟರು ಕನ್ನಡಕ ತೆಗೆದರು. “ಧೂಳು ಅಂತ ಬರೀಬೇಕಾದ್ರೆ ಶ್ವಾಸಕೋಶ ಕೊಯ್ದು ನೋಡಬೇಕಮ್ಮಾ. ಹಾಗಾದ್ರೆ ಇವತ್ತು ಮಣ್ಣು ಮಾಡೋಕಾಗಲ್ಲ.”

“ಅಣ್ಣನ್ನ ಕೊಯ್ಯಿಸ್ತೀರಾ ಅತ್ತಿಗೆ?”

*

ಹೊಸ ಸಾಹೇಬರು ಬಂದ ವರ್ಷ, ಕಂಬ ಬೇಡ, ಪೈ ಚಾರ್ಟ್ ಮಾಡಿ, ದುಂಡಗೆ ಚೆಂದ ಕಾಣುತ್ತೆ ಎಂದಿದ್ದರು. ಆ ಸಂಜೆ ಮೇಷ್ಟ್ರು ಅಡುಗೆಮನೆಯಲ್ಲಿ ತಟ್ಟೆಯೊಂದನ್ನು ಬೋರಲು ಹಾಕಿದರು.

“ನೋಡು, ಹತ್ತು ಜನ ಸತ್ರೂ ಇಷ್ಟೇ ದುಂಡು, ಸಾವಿರ ಜನ ಸತ್ರೂ ಇಷ್ಟೇ. ಊರೇ ಖಾಲಿಯಾದ್ರೂ ತಟ್ಟೆ ಬೆಳೆಯಲ್ಲ.”

“ನಿಮ್ಮ ಸಾಹೇಬರ ಹೊಟ್ಟೆ ಬೆಳೀತಿದೆಯಲ್ಲ, ಸಾಕು ಬಿಡಿ.”

ನಕ್ಕು ನಕ್ಕು ಅವರಿಗೆ ಕೆಮ್ಮು ಹತ್ತಿಕೊಂಡಿತು. ಆಕೆ ಬೆನ್ನು ನೀವುತ್ತಾ ಕುಳಿತಳು.

“ಧೂಳಿನ ಕಂಬ ಗಿಡ್ಡವಾಗಿದೆ ನೋಡು,” ಎಂದರು ಉಸಿರು ಸಿಕ್ಕ ಮೇಲೆ. “ಜನ ಸಾಯ್ತಿಲ್ಲ ಅಂತಲ್ಲ. ನನ್ ಜೊತೆ ಜಲ್ಲಿ ಒಡೆದೋರೆಲ್ಲ ಹೃದಯದ ಕಂಬದಲ್ಲಿದಾರೆ. ಚೀಟೀಲಿ ಇದ್ದಿದ್ದನ್ನೇ ಅಂಟಿಸಬೇಕಲ್ಲ ನಾನು. ಅದು ಗಿಡ್ಡ ಇರೋವರೆಗೂ ಆ ಕಾರ್ಖಾನೆ ಕಡೆ ಯಾರೂ ತಲೆ ಹಾಕಲ್ಲ. ನನ್ನನ್ನಾದ್ರೂ ಸರಿಯಾದ ಕಂಬಕ್ಕೆ ಹಾಕಿಸು.”

*

ಡ್ರೈವರ್ ಎಂಜಿನ್ ನಿಲ್ಲಿಸಿದ. ಹೊದಿಕೆ ಸರಿದು ಮೇಷ್ಟ್ರ ಒಂದು ಪಾದ ಹೊರಗೆ ಕಾಣುತ್ತಿತ್ತು. ಹೆಂಡತಿ ಅದನ್ನು ಮುಚ್ಚಿದಳು.

“ಸೂಜಿ ಕಂಡ್ರೂ ಮುಖ ತಿರುಗಿಸ್ತಿದ್ರು,” ಎಂದಳು, ಯಾರಿಗೂ ಅಲ್ಲ. ಆಮೇಲೆ ಡ್ರೈವರಿಗೆ, “ಆಸ್ಪತ್ರೆಗೆ ನಡೀರಿ.”

ತಮ್ಮ ಸ್ಟ್ರೆಚರಿನ ಹಿಡಿ ಬಿಟ್ಟು ಹಿಂದೆ ಸರಿದ. ಆ ಹಿಡಿಯನ್ನು ಅವಳೇ ಹಿಡಿದಳು.

ಶ್ವಾಸಕೋಶ ಕೊಯ್ಯುವಾಗ ಚಾಕು ಮರಳಿನ ಮೇಲೆ ಆಡಿದ ಹಾಗೆ ಕರಕರ ಅಂದಿತು ಎಂದು ಮರುದಿನ ಆಸ್ಪತ್ರೆಯ ಡಾಕ್ಟರು ಹೇಳಿ, ಚೀಟಿಯಲ್ಲಿ ಧೂಳು ಎಂದು ಬರೆದರು. ದೇಹ ಕೊರಳಿನಿಂದ ಹೊಟ್ಟೆಯವರೆಗೆ ಹೊಲಿಗೆ ಹಾಕಿಸಿಕೊಂಡು ಬಂತು. ಮಣ್ಣು ಮಾಡುವಾಗ ನಾಲ್ಕೇ ಜನ ಇದ್ದರು, ತಮ್ಮ ಇರಲಿಲ್ಲ.

ಅಲ್ಲಿಂದ ನೇರ ಕಚೇರಿಗೆ ಬಂದ ಹೆಂಡತಿ, ತಾನೇ ಕತ್ತರಿಸಿ ತಂದಿದ್ದ ಬೂದು ಕಾಗದವನ್ನು ಟೈಪಿಸ್ಟ್ ಕೈಗಿಟ್ಟಳು. ಹೃದಯದ ಕಂಬ ಒಂದು ಗೇಣು ದಾಟಿತ್ತು. ಟೈಪಿಸ್ಟ್ ಎರಡೇ ತುಂಡಿದ್ದ ಧೂಳಿನ ಕಂಬದ ಮೇಲೆ ಕಾಗದ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಸೊನ್ನೆಯಿಂದ ಸ್ಕೇಲ್ ಹಿಡಿದಳು.

ಧೂಳು: ಹನ್ನೆರಡು ಮಿಲಿಮೀಟರ್.