ಗಾಳಿಯನ್ನು ಕಂಡವನು

ಹಾರ ಹಾಕಲು ಬಗ್ಗಿದ ಮ್ಯಾನೇಜರ್ ಲೋಕೇಶನ ಕೈಯನ್ನು ಸುಮಂಗಲಾ ತಡೆದು ಹಿಡಿದಳು.

"ಮುಟ್ಟಬ್ಯಾಡ್ರಿ ನನ್ನ ಗಂಡನ್ನ."

ಲಗ್ಗೆರೆಯ ಬಾಡಿಗೆ ಮನೆಯ ಮುಂದೆ ಗದಿಗೆಪ್ಪನ ಶವವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಹಿಂದಿನ ದಿನ ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟವನಿಗೆ ಎಡಗಡೆಯ ಅಡ್ಡರಸ್ತೆಯಿಂದ ನುಗ್ಗಿದ ಲಾರಿ ಕಂಡಿರಲಿಲ್ಲ.

"ಆಕ್ಸಿಡೆಂಟ್ ಕಣಮ್ಮ, ಯಾರ ಕೈಲಿದೆ ಹೇಳಿ? ಸ್ವಲ್ಪ ನೋಡ್ಕೊಂಡು ಹೋಗ್ಬೇಕಿತ್ತು," ಎಂದ ಲೋಕೇಶ್.

ಗದಿಗೆಪ್ಪನ ತಮ್ಮ ಸಿದ್ರಾಮ ಎದ್ದು ಬಂದ. "ಯಾವ ಕಣ್ಣಿಂದ ನೋಡ್ಬೇಕಿತ್ರಿ? ಎಡಗಣ್ಣು ನಿಮ್ಮ ಫ್ಯಾಕ್ಟರಿ ನುಂಗಿತ್ತಲ್ಲ!"

*

ಪೀಣ್ಯದ ಆ ಕಂಪನಿಯಲ್ಲಿ ದೊಡ್ಡ ಫ್ಯಾನುಗಳ ರೆಕ್ಕೆಗಳನ್ನು ಪರೀಕ್ಷಿಸುತ್ತಿದ್ದರು. ರಭಸವಾಗಿ ಬೀಸುವ ಗಾಳಿಗೆ ಹೊಗೆ ಬೆರೆಸುವುದು ಗದಿಗೆಪ್ಪನ ಕೆಲಸ. ಸೆಕೆಂಡಿಗೆ ಸಾವಿರಾರು ಸಲ ಮಿಂಚುವ ಹಸಿರು ಲೇಸರ್ ಬೆಳಕಿನಲ್ಲಿ ಹೊಗೆಯ ಕಣಗಳ ಓಟವನ್ನು ಕ್ಯಾಮೆರಾ ಹಿಡಿಯುತ್ತಿತ್ತು. ಗಾಳಿ ಎಲ್ಲಿ ಸುಳಿಯುತ್ತದೆ, ಎಷ್ಟು ವೇಗದಲ್ಲಿ ಎಂಬುದು ಅದರಿಂದ ತಿಳಿಯುತ್ತಿತ್ತು.

ಕೆಲಸಕ್ಕೆ ಸೇರಿದ ದಿನ ಅವನು ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ಮೊದಲೇ ಕೂಗಿದ್ದ: "ಸುಮೀ, ಇವತ್ತ ಗಾಳೀನ ಕಣ್ಣಾರೆ ಕಂಡೆ! ಹೊಳಿ ಮಡುವಿನ್ಯಾಗ ನೀರು ತಿರಗತೈತಲ್ಲ, ಹಂಗ ತಿರಗತೈತಿ."

ಪರೀಕ್ಷೆಯ ಕೋಣೆಯ ಬಾಗಿಲು ತೆರೆದರೆ ಲೇಸರ್ ತಾನಾಗಿ ಆರಬೇಕು. ಪದೇ ಪದೇ ಆರಿದರೆ ಕೆಲಸ ತಡವಾಗುತ್ತದೆಂದು ಲೋಕೇಶ್ ಹಾಗೆ ಆರಿಸುವ ಸ್ವಿಚ್ಚನ್ನೇ ತೆಗೆಸಿದ್ದ. ಕಣ್ಣು ಕಾಯುವ ಕನ್ನಡಕಗಳು ಇದ್ದದ್ದೇ ಎರಡು. ಕಣ್ಣು ಹೋದ ದಿನ ಅವು ಪರೀಕ್ಷೆ ನೋಡಲು ಬಂದ ಅತಿಥಿಗಳ ಮೂಗಿನ ಮೇಲಿದ್ದವು. ಹೊಗೆಯ ಕೊಳವೆ ಸರಿಮಾಡಲು ಒಳಹೋದ ಗದಿಗೆಪ್ಪನ ಎಡಗಣ್ಣಿಗೆ ಲೋಹದ ರೆಕ್ಕೆಯಿಂದ ಸಿಡಿದ ಬೆಳಕು ಹೊಡೆಯಿತು. ಕಣ್ಣೊಳಗೆ ರಕ್ತ ತುಂಬಿತು. ಆಮೇಲೆ ಎಡಕ್ಕೆ ಕೂತ ಮಗಳನ್ನು ನೋಡಬೇಕೆಂದರೂ ಅವನು ಇಡೀ ಕತ್ತು ತಿರುಗಿಸಬೇಕಾಗುತ್ತಿತ್ತು.

ಶುಗರ್‌ನಿಂದ ಹೋದ ಕಣ್ಣು ಎಂದಿತು ಕಂಪನಿ.

*

"ಶುಗರ್ ಅಲ್ಲ ಅಕ್ಕ," ಎಂದಳು ಜನರ ಹಿಂದೆ ನಿಂತಿದ್ದ ವೇಣಿ. ಲೇಸರ್ ಕೋಣೆಯ ಎಂಜಿನಿಯರ್ ಅವಳು. "ಸ್ವಿಚ್ ತೆಗೀಬೇಡಿ ಅಂತ ಬಡ್ಕೊಂಡೆ. ಇವರೇ ನಿಂತು ತೆಗೆಸಿದ್ರು."

"ವೇಣಿ, ಕೆಲಸ ಬೇಕೋ ಬೇಡ್ವೋ?"

"ಪೊಲೀಸರ ಮುಂದೆಯೂ ಇದನ್ನೇ ಹೇಳ್ತೀನಿ ಸಾರ್."

ಸುಮಂಗಲಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಸಿದ್ರಾಮ, ಮಣ್ಣಿಗೆ ಆಮ್ಯಾಲೆ ಹೋಗೂಣು. ಮೊದ್ಲ ಫ್ಯಾಕ್ಟರಿಗೆ ನಡಿ."

ಕಂಪನಿಯ ಎದುರು ಶವವನ್ನು ಇಳಿಸಿ, ದಾರಿಗೆ ಅಡ್ಡಲಾಗಿ, ಒಳಮುಖ ಮಾಡಿ ಕೂರಿಸಿದರು. ಕಾವಲುಗಾರ ಗೇಟು ಎಳೆದ. ಹಿಂದೆ ಲೋಕೇಶನ ಕಾರು ಹಾರನ್ ಹೊಡೆದು ಹೊಡೆದು ಸುಮ್ಮನಾಯಿತು. ಒಳಗೆ ಯಂತ್ರಗಳ ಸದ್ದು ಒಂದೊಂದಾಗಿ ಅಡಗಿತು. ನೀಲಿ ಅಂಗಿಯ ಕೆಲಸಗಾರರು ಹೊರಬಂದು, ಗೇಟಿನ ಸರಳುಗಳ ಆಚೆ, ಗದಿಗೆಪ್ಪನಿಗೆ ಎದುರಾಗಿ ನೆಲದ ಮೇಲೆ ಕೂತರು.