ಮೂರು ಗಾಜು, ಒಂದು ಹುಬ್ಬು

ತಣ್ಣಗಿದೆ, ಇದೂ ತಣ್ಣಗಿದೆ, ಮೂರೂ ತಣ್ಣಗೇ ಇವೆ, ಎಲ್ಲಿ ಬೆರಳಿಟ್ಟರೂ ಬರೀ ಗಾಜು, ತಲೆ ಯಾವುದು ಕಾಲು ಯಾವುದು ತಿಳಿಯದು, ಗುಂಡಿಯಿಲ್ಲ, ಒಂದು ಗೀರೂ ಇಲ್ಲ, ಇಷ್ಟು ನುಣ್ಣಗಿನ ಹಲಗೆಯ ಮುಂದೆ ಜನ ಊಟ ನಿದ್ದೆ ಬಿಟ್ಟು ಹೇಗೆ ಕೂರುತ್ತಾರೋ, ಒಳಗೆ ಏನೋ ಇರಲೇಬೇಕು, ನನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಕಾಣುವಂಥದ್ದು — ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ, ಮೊದಲನೆಯದು ಟಕ್ ಅಂತು, ಎರಡನೆಯದು ಕೊಂಚ ತಗ್ಗಿನ ಟಕ್, ಮೂರನೆಯದು ಡಬ್, ಇದರ ಹೊಟ್ಟೆಯಲ್ಲಿ ಗಾಳಿಯಿದೆ, ಅಗ್ಗದ ಮಾಲು. ತಟ್ಬೇಡಿ ಅಂಕಲ್, ಅದೇನು ಕಲ್ಲಂಗಡಿನಾ, ಎಂದಳು ಅಂಗಡಿಯ ಹುಡುಗಿ, ಅವಳ ಬಾಯಲ್ಲಿ ಪೆಪ್ಪರ್‌ಮಿಂಟ್ ಇದೆ, ಮಾತಿಗೊಮ್ಮೆ ಅದು ಹಲ್ಲಿಗೆ ತಾಗುತ್ತದೆ, ಆ ಸದ್ದಿನಿಂದಲೇ ಅವಳೆಲ್ಲಿ ನಿಂತಿದ್ದಾಳೆ ಎಂದು ನನಗೆ ಗೊತ್ತು. ನಾನೇನು ಮಾಡಲಿ, ಮೂವತ್ತೆಂಟು ವರ್ಷ ಪಿಯಾನೋಗಳ ಹೊಟ್ಟೆಯೊಳಗೆ ಕೈಯಾಡಿಸಿ ಶ್ರುತಿ ಮಾಡಿದವನು, ಹುಟ್ಟುಗುರುಡ, ತಟ್ಟದೆ ಯಾವ ವಸ್ತುವಿನ ಪರಿಚಯ ಮಾಡಿಕೊಂಡೇನು. ಮೂರಕ್ಕೂ ಆಗಲೇ ಹೆಸರಿಟ್ಟು ಅವಳಿಗೂ ಹೇಳಿದ್ದೇನೆ, ಅಂಚೇ ಇಲ್ಲದ ಹಾಗೆ ಜಾರುವುದು ನುಣುಪಿ, ಹಿಂದೆ ಗೋಣಿಯಂತೆ ತರಿತರಿ ಇರುವುದು ಒರಟುಬೆನ್ನು, ಅವೆರಡರ ಅರ್ಧಕ್ಕಿಂತ ಚೂರೇ ದೊಡ್ಡದಿರುವ ಈ ಡಬ್ ಎನ್ನುವುದು ಕುಳ್ಳಿ. ನುಣುಪಿ ತಗೊಳಿ ಅಂಕಲ್, ಮೂರರಲ್ಲಿ ಅದೇ ಫಾಸ್ಟು, ನೀವು ಮಾತಾಡ್ತಾ ಇರೋ ಹಾಗೇ ಅಕ್ಷರ ಬಂದ್ಬಿಡುತ್ತೆ, ಒರಟುಬೆನ್ನಿಂದೂ ಪರವಾಗಿಲ್ಲ, ಕುಳ್ಳಿ ಮಾತ್ರ ಬೇಡ, ನೀವು ಮಾತು ಮುಗಿಸಿ ಎರಡು ಸೆಕೆಂಡಾದ್ಮೇಲೆ ನಿಧಾನಕ್ಕೆ ಆಕಳಿಸ್ಕೊಂಡು ತೋರಿಸುತ್ತೆ — ನಾನಿಟ್ಟ ಹೆಸರುಗಳನ್ನು ಆಗಲೇ ಬಳಸತೊಡಗಿದ್ದಾಳೆ, ಜಾಣೆ.

ಎಡ ಮೊಣಕೈಯ ಮೇಲೆ ಅವಳ ಕೈಯಿದೆ, ನನ್ನವಳದು, ಮೆಟ್ಟಿಲು ಬಂದರೆ ಒಂದು ಸಲ ಅದುಮುತ್ತಾಳೆ, ತಿರುಗಬೇಕಾದರೆ ಎರಡು ಸಲ, ಈಗ ಸುಮ್ಮನೆ ಇಟ್ಟುಕೊಂಡಿದ್ದಾಳೆ, ಬೆರಳು ಬಿಸಿಯಾಗಿದೆ, ಇದೆಲ್ಲ ಯಾಕ್ರೀ ದುಂದು ಎಂದು ದಾರಿಯುದ್ದಕ್ಕೂ ಗೊಣಗಿದ್ದಳು. ಇಪ್ಪತ್ತೊಂಬತ್ತು ವರ್ಷ ಬಾಟಲಿ ಕಾರ್ಖಾನೆಯಲ್ಲಿ, ಪಟ್ಟಿಯ ಮೇಲೆ ಓಡುವ ತುಂಬಿದ ಬಾಟಲಿಗಳನ್ನು ಬೆಳಕಿನ ಹಲಗೆಯ ಎದುರು ನೋಡಿ ನೋಡಿ, ಒಂದು ಕೂದಲೆಳೆ, ಒಂದು ಚೂರು ಕಸ ಕಂಡರೂ ಸರಕ್ಕನೆ ಎತ್ತಿ ಪಕ್ಕಕ್ಕಿಡುವ ಕೆಲಸ, ನಿಮಿಷಕ್ಕೆ ಅರವತ್ತು ಬಾಟಲಿ, ಅವಳ ಕಣ್ಣು ತಪ್ಪಿಸಿಕೊಂಡ ಕಸ ಇಲ್ಲವೆಂದು ಮೇಲಿನವರೇ ಹೇಳುತ್ತಿದ್ದರಂತೆ, ಕಣ್ಣು ಉಳಿಯಿತು, ಆ ಗಾಜಿನ ಗಲಗಲದಲ್ಲಿ ಕಿವಿ ಹೋಯಿತು. ಒಂದೇ ದಿನ ಹೋಗಲಿಲ್ಲ, ಮೊದಲು ಹಕ್ಕಿ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ನಾನು. ಕಿವಿಗೆ ಹಾಕುವ ಯಂತ್ರ ತಂದೆವು, ಮತ್ತೆ ಬಾಟಲಿ ಸದ್ದೇ ಕೇಳುತ್ತೆ ಎಂದು ಕಿತ್ತು ಮೇಜಿನ ಖಾನೆಗೆ ಹಾಕಿದಳು. ಈಗ ಅವಳು ಮಾತಾಡುತ್ತಾಳೆ, ನಾನು ಅವಳ ಅಂಗೈಯನ್ನು ಒತ್ತುತ್ತೇನೆ, ಹೌದಿಗೆ ಒಂದು, ಇಲ್ಲಕ್ಕೆ ಎರಡು, ನಾನು ಬರೆಯಲಾರೆ, ನನ್ನ ಚುಕ್ಕಿ ಲಿಪಿ ಅವಳು ಓದಲಾರಳು, ಮೂವತ್ತೈದು ವರ್ಷದ ಸಂಸಾರ ಹೌದು ಇಲ್ಲಗಳಿಗೆ ಬಂದು ನಿಂತಿದೆ. ಊಟ ಸಾಕಾ, ಹೌದು. ಕಾಲು ನೋವಿದೆಯಾ, ಇಲ್ಲ. ಎಷ್ಟೋ ಸಂಗತಿಗಳಿಗೆ ಹೌದೂ ಸಾಲದು, ಇಲ್ಲವೂ ಸಾಲದು.

ಆದರೂ ನಗುತ್ತಿದ್ದಳಲ್ಲ, ಅದೇ ನನ್ನ ಧೈರ್ಯವಾಗಿತ್ತು. ಕೆಲಸದಿಂದ ಬಂದು ಕೂತು, ಆ ದಿನ ಯಾರ ಮನೆಯ ಪಿಯಾನೋದಲ್ಲಿ ಏನು ಸಿಕ್ಕಿತು ಎಂದು ಹೇಳುವುದು ನನ್ನ ಚಟ, ಪೆನ್ಸಿಲು, ಕೀಲಿ, ಒಮ್ಮೆ ಇಲಿ ಗೂಡು, ಅವಳು ನನ್ನ ಎದುರಿಗೆ ನಿಂತು ಸೆರಗಿನಿಂದ ನನ್ನ ಬಲಗಡೆಯ ಹುಬ್ಬು ಒರೆಸುವಳು, ಧೂಳು ಕೂತಿದೆ ಎನ್ನುವಳು, ಯಾವಾಗಲೂ ಬಲಗಡೆಯದೇ, ಎಡಗಡೆ ಧೂಳು ಕೂರುವುದೇ ಇಲ್ಲವೇ ಎಂದು ನಾನು ಕೇಳಿದವನಲ್ಲ, ನಾನು ಹೇಳುವ ಮಾತು ತುದಿಗೆ ಬರುವಷ್ಟರಲ್ಲಿ ಅವಳ ನಗು ಹೊರಟಿರುತ್ತಿತ್ತು, ಅರ್ಧ ಅಕ್ಷರ ಮುಂಚೆಯೇ. ಕಿವಿ ಪೂರ್ತಿ ಹೋದ ಮೇಲೂ ನಗು ಹೊತ್ತಿಗೆ ಸರಿಯಾಗಿ ಬರುತ್ತಲೇ ಇತ್ತು. ನನಗೇ ಕೆಟ್ಟ ಕುತೂಹಲ. ಐದು ತಿಂಗಳ ಹಿಂದೆ ಒಂದು ಸಂಜೆ ದನಿಯೇ ತೆಗೆಯದೆ, ಬರೀ ತುಟಿಯಲ್ಲಿ, ಹೇಳುವಂತೆ ನಟಿಸಿದೆ, ತುಟಿಯನ್ನೂ ಓದಲಾಗದಂತೆ ಬಾಯಿಗೆ ಕೈ ಅಡ್ಡ ಹಿಡಿದು, ಮನಸ್ಸಿನಲ್ಲಿ ಮಾತ್ರ ಪೂರ್ತಿ ಹೇಳಿಕೊಂಡೆ. ನಕ್ಕಳು. ಅದೇ ಜಾಗದಲ್ಲಿ, ಅದೇ ನಗು. ಓಹೋ ಎಂದುಕೊಂಡೆ, ಇವಳು ನನ್ನ ಮನಸ್ಸು ನೋಯಬಾರದೆಂದು ನಗುತ್ತಾಳೆ, ಅಂದಾಜಿನಲ್ಲಿ ನಗುತ್ತಾಳೆ, ಇಷ್ಟು ದಿನ ಖೋಟಾ ನಾಣ್ಯ ಜೇಬಿಗೆ ಹಾಕಿಕೊಂಡು ತಿರುಗಿದ್ದೇನೆ ನಾನು. ಅಂದಿನಿಂದ ಒಂದೂ ತಮಾಷೆ ಹೇಳಿಲ್ಲ. ಏನ್ರೀ ಸಪ್ಪಗಿದ್ದೀರಿ ಎಂದು ಕೇಳುತ್ತಾಳೆ, ಅಂಗೈಗೆ ಎರಡು ಸಲ ಒತ್ತುತ್ತೇನೆ, ಇಲ್ಲ. ಆ ಸಪ್ಪೆಯನ್ನು ಹೊತ್ತುಕೊಂಡೇ ಇವತ್ತು ಈ ಅಂಗಡಿಗೆ ಬಂದಿರುವುದು, ನನಗೆ ಮಾತು ಅಕ್ಷರವಾಗುವ ಹಲಗೆ ಬೇಕು, ಅವಳು ಓದಬೇಕು, ಓದಿ ಅರ್ಥವಾಗಿ ನಗಬೇಕು, ನಿಜವಾದ ನಗು ಒಂದೇ ಒಂದು ಸಿಕ್ಕರೆ ಸಾಕು, ಮೂರರಲ್ಲಿ ಯಾವುದು ಕೊಡಿಸುತ್ತದೋ ಅದಕ್ಕೆ ದುಡ್ಡು.

ಮಾತಾಡಿ ಅಂಕಲ್, ಆಂಟಿ ಕೈಲಿ ನುಣುಪಿ ಕೊಟ್ಟಿದೀನಿ. ಏನು ಮಾತಾಡಲಿ, ಅವಳ ಕಿವಿ ಪೂರ್ತಿ ಹೋದ ಈ ಒಂದು ವರ್ಷದಿಂದ ಮಾತು ಕೂಡಿಟ್ಟುಕೊಂಡವನಿಗೆ ಬಾಯಿಗೆ ಬಂದದ್ದು ನಲ್ಲಿ, ನಲ್ಲಿ ಸರಿ ಮಾಡೋನು ನಾಳೆ ಬರ್ತಾನಂತೆ ಎಂದೆ. ಪೆಪ್ಪರ್‌ಮಿಂಟ್ ಒಂದು ಸಲ ಹಲ್ಲಿಗೆ ತಾಗುವಷ್ಟರಲ್ಲಿ ನನ್ನವಳ ದನಿ, ಯಾಕೆ, ಇವತ್ತೇ ಬರ್ತೀನಿ ಅಂದಿದ್ನಲ್ಲ. ಹೌದೂ ಅಲ್ಲ, ಇಲ್ಲವೂ ಅಲ್ಲ, ಮಾತಿಗೆ ಮಾತು. ನಲ್ಲಿಯ ವಿಷಯಕ್ಕೆ ಅಳುವ ಗಂಡಸನ್ನು ಈ ಹುಡುಗಿ ಹಿಂದೆಂದೂ ನೋಡಿರಲಿಕ್ಕಿಲ್ಲ, ಕೆಮ್ಮಿದೆ. ಅಕ್ಷರಗಳು ಹೇಗಿರುತ್ತವೆ, ಸಾಲಾಗಿ ಬರುತ್ತವೆಯೋ, ಒಂದೊಂದಾಗಿ ಉದುರುತ್ತವೆಯೋ, ನನ್ನ ದನಿಯ ಏರಿಳಿತ ಅಲ್ಲಿ ಕಾಣುತ್ತದೆಯೋ ಇಲ್ಲವೋ, ಕೇಳಬೇಕು, ಆಮೇಲೆ ಕೇಳೋಣ, ಈಗ ಹಲ್ಲಿನ ಸೆಟ್ಟಿನ ಕಥೆ. ಅದು ನನ್ನ ಬ್ರಹ್ಮಾಸ್ತ್ರ, ಮದುವೆಯಾದ ಹೊಸತರಲ್ಲಿ ಇದಕ್ಕೆ ಬಿಕ್ಕಳಿಕೆ ಬರುವಷ್ಟು ನಕ್ಕಿದ್ದಳು, ಆಗ ಕಿವಿ ಗಟ್ಟಿಯಿತ್ತು. ಗಂಟಲು ಸರಿಮಾಡಿಕೊಂಡು ಹೇಳಿದೆ, ಒಂದು ಶಾಲೆ ಪಿಯಾನೋದಲ್ಲಿ ಬೆರಳಲ್ಲಿ ಒತ್ತೋ ಮೂರು ಮನೆ ಸದ್ದೇ ಮಾಡ್ತಿರಲಿಲ್ಲ, ಬಿಚ್ಚಿ ಕೈ ಹಾಕ್ದೆ, ಒಂದು ಹಲ್ಲಿನ ಸೆಟ್ಟು ಸಿಕ್ತು, ಮೇಷ್ಟ್ರುಗಳನ್ನೆಲ್ಲ ಸಾಲಾಗಿ ನಿಲ್ಸಿ ಇದು ಯಾರದಪ್ಪಾ ಅಂತ ಕೇಳ್ದೆ, ಒಬ್ರೂ ಬಾಯಿ ಬಿಡ್ಲಿಲ್ಲ. ನಿಲ್ಲಿಸಿದೆ. ಹುಡುಗಿ ಕಿಸಕ್ಕೆಂದಳು, ಪೆಪ್ಪರ್‌ಮಿಂಟ್ ನುಂಗಿಬಿಟ್ಟಳೇನೋ. ನನ್ನವಳಿಂದ ಏನೂ ಇಲ್ಲ. ಒಂದು, ಎರಡು, ಮೂರು, ಎಣಿಸುವುದು ನನ್ನ ಕಸುಬು, ಎರಡು ತಂತಿಯ ನಾದ ಒಂದಾಗುವ ಮುಂಚೆ ನಡುವೆ ಒಂದು ನಡುಕ ಏಳುತ್ತದೆ, ಅದು ಎಷ್ಟು ನಿಧಾನವಾಯಿತೆಂದು ಎಣಿಸಿಯೇ ಶ್ರುತಿ ಹಿಡಿಯುವುದು, ನಾಲ್ಕು, ಐದು. ಇಷ್ಟೇನಾ, ಎಂದಳು ನನ್ನವಳು. ಒರಟುಬೆನ್ನು ಕೊಡಮ್ಮ, ಎಂದೆ ಹುಡುಗಿಗೆ, ಮತ್ತೆ ಮೊದಲಿಂದ ಪಿಯಾನೋ, ಮೂರು ಮನೆ, ಸೆಟ್ಟು, ಮೇಷ್ಟ್ರುಗಳು, ಬಾಯಿ. ಓದಿದೆ ಬಿಡಿ, ಇದೇ ಅಲ್ವಾ ಅಲ್ಲೂ ಬಂದಿದ್ದು, ಎಂದಳು. ಆಯಿತು, ನಿಜ ಬೇಕೆಂದು ಕೇಳಿದ್ದೆಯಲ್ಲ, ತಗೋ ನಿಜ, ಅರ್ಥವಾದ ಮೇಲೆ ಅವಳಿಗೆ ನಗು ಬರಲಿಲ್ಲ, ಮೂವತ್ತೈದು ವರ್ಷದ ನಗುವೆಲ್ಲ ಧರ್ಮಕ್ಕೆ ಕೊಟ್ಟದ್ದು. ಮನೆಗೆ ಹೋಗೋಣ ಎನಿಸಿತು, ಹೌದು ಇಲ್ಲಗಳೇ ವಾಸಿ.

ಆಗ ಮೊಣಕೈಯಿಂದ ಅವಳ ಕೈ ಹೋಯಿತು, ಚಪ್ಪಲಿ ಸರಿದ ಸದ್ದು, ಹುಡುಗಿಯ ಕಡೆಗೆ ಬಾಗಿರಬೇಕು, ಗುಟ್ಟು ಹೇಳುತ್ತಿದ್ದಾಳೆ, ಬಾಟಲಿಗಳ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು, ಅವಳ ಗುಟ್ಟು ಬೀದಿಯವರೆಗೆ ಕೇಳುತ್ತದೆ, ಅದು ಅವಳೊಬ್ಬಳಿಗೆ ಗೊತ್ತಿಲ್ಲ. ಅಮ್ಮಾ ಹುಡುಗೀ, ಇದರಲ್ಲಿ ಹುಬ್ಬು ಬರೋದಿಲ್ವಾ. ಏನಾಂಟಿ. ಹುಬ್ಬು, ಹುಬ್ಬು, ಇವರು ತಮಾಷೆ ಹೇಳೋವಾಗ ಬಲಗಡೆ ಹುಬ್ಬು ಒಂದೇ ಎದ್ದು ನಿಂತ್ಕೊಳುತ್ತೆ, ಕಂಬಳಿಹುಳ ತಲೆ ಎತ್ತಿದ ಹಾಗೆ, ಎಡಗಡೇದು ಮಲಗೇ ಇರುತ್ತೆ, ಪಾಪ ಇವರಿಗೇ ಗೊತ್ತಿಲ್ಲ, ಮದುವೆ ಆದಾಗಿಂದ ನಾನು ನಗೋದು ಅದಕ್ಕೇನೇ, ತಮಾಷೆ ಕಟ್ಕೊಂಡು ಏನಾಗ್ಬೇಕು, ಕಿವಿ ಹೋದ್ರೂ ಅದೊಂದು ಉಳಿದಿತ್ತು, ಐದು ತಿಂಗಳಾಯ್ತು ಅದೂ ಎದ್ದಿಲ್ಲ, ಯಾರ ಕಣ್ಣು ಬಿತ್ತೋ, ಈಗ ಎದ್ದಿತ್ತೇನೋ, ನಾನು ಈ ಗಾಜು ಓದ್ತಾ ಕೂತೆ, ತಪ್ಪಿ ಹೋಯ್ತು, ನೀನು ಹೇಳ್ಬೇಡ ಮತ್ತೆ, ಗೊತ್ತಾದ್ರೆ ಬೇಕಂತ ಎತ್ತೋಕೆ ಶುರು ಮಾಡ್ತಾರೆ, ಕೆಟ್ಟು ಹೋಗುತ್ತೆ. ಹುಡುಗಿ, ಹೇಳಲ್ಲ ಆಂಟಿ, ಎನ್ನುವಂತೆ ತಲೆಯಾಡಿಸಿರಬೇಕು, ಲೋಲಕು ಅಲುಗಿದ ಸದ್ದಾಯಿತು.

ಹುಬ್ಬು. ನನ್ನದು. ಅದು ಏಳುತ್ತದಂತೆ. ಅರವತ್ತೆರಡು ವರ್ಷ ಈ ಮುಖವನ್ನು ತೊಳೆದಿದ್ದೇನೆ, ಒರೆಸಿದ್ದೇನೆ, ಇದು ನನ್ನ ಬೆನ್ನ ಹಿಂದೆ — ಬೆನ್ನ ಹಿಂದೆ ಏನು, ನನ್ನ ಹಣೆಯ ಮೇಲೇ — ತನ್ನಷ್ಟಕ್ಕೆ ಒಂದು ಸಂಸಾರ ನಡೆಸುತ್ತಿತ್ತು. ಕಟಿಂಗ್ ಅಂಗಡಿಯವನು ಹೇಳುತ್ತಿದ್ದ, ಸಾರ್ ಹುಬ್ಬು ಆಡಿಸ್ಬೇಡಿ, ಕತ್ತರಿ ತಾಗುತ್ತೆ, ನಾನೆಲ್ಲಪ್ಪಾ ಆಡಿಸಿದೆ ಎಂದು ನಾನೇ ರೇಗಿದ್ದೆ. ಅವಳು ಸೆರಗಿನಿಂದ ಒರೆಸುತ್ತಿದ್ದದ್ದು ಧೂಳನ್ನಲ್ಲ ಹಾಗಾದರೆ. ಅವತ್ತು ದನಿ ಇಲ್ಲದೆ, ಬಾಯಿಗೆ ಕೈ ಅಡ್ಡ ಹಿಡಿದು ಮೋಸ ಮಾಡಿದೆನಲ್ಲ, ಬಾಯಿ ಮುಚ್ಚಿದ್ದೆ, ಹುಬ್ಬು ಮುಚ್ಚಿರಲಿಲ್ಲ, ಅವಳಿಗೆ ಎಲ್ಲ ತಲುಪಿತ್ತು, ಅವಳು ನಿಜವಾಗಿಯೇ ನಕ್ಕಿದ್ದಳು, ಖೋಟಾ ಎಂದುಕೊಂಡವನು ನಾನು, ಐದು ತಿಂಗಳು ಆ ಬಡ ಹುಬ್ಬನ್ನು ಎಬ್ಬಿಸದೆ ಅವಳನ್ನು ಉಪವಾಸ ಕೆಡವಿದವನೂ ನಾನೇ. ಹೇಳಿಬಿಡಲೇ, ಕೇಳಿಸಿತು ಕಣೇ ಎಂದು. ಬೇಡ. ಕೆಟ್ಟು ಹೋಗುತ್ತೆ ಎಂದಿದ್ದಾಳೆ. ನುಣುಪಿ ಬೇಡ, ಅದು ನನ್ನ ಮಾತಿನ ಜೊತೆ ಜೊತೆಗೇ ಓಡಿ ಅವಳ ಕಣ್ಣನ್ನು ಕೆಳಗೆ ಎಳೆದುಕೊಳ್ಳುತ್ತದೆ, ಒರಟುಬೆನ್ನೂ ಅಷ್ಟೇ, ಎರಡೂ ಕುತ್ತಿಗೆಗೆ ನೇತು ಹಾಕಿಕೊಳ್ಳಲಾಗದಷ್ಟು ಅಗಲ. ತಡ ಮಾಡುವುದು ಯಾವುದು, ನಾನು ಮುಗಿಸಿದ ಎರಡು ಎಣಿಕೆಯ ಮೇಲೆ ಆಕಳಿಸುತ್ತಾ ಬರುವುದು, ಅಲ್ಲಿಯವರೆಗೆ ಅವಳಿಗೆ ನೋಡಲು ನನ್ನ ಮುಖವನ್ನು ಬಿಟ್ಟರೆ ಬೇರೇನೂ ಇರಬಾರದು. ಕುಳ್ಳಿ ಕೊಡಮ್ಮ, ಎಂದೆ. ಅಂಕಲ್ ಅದು ನಿಧಾನ ಅಂತ ಹೇಳಿದ್ನಲ್ಲ. ನಿಧಾನವೇ ಬೇಕು, ಕುತ್ತಿಗೆಗೆ ನೇತು ಹಾಕ್ಕೊಳೋ ಪಟ್ಟಿ ಏನಾದ್ರೂ ಇದೆಯಾ. ಹುಡುಗಿಗೆ ಅರ್ಥವಾಯಿತು, ಪಟ್ಟಿ ತಂದು ತಾನೇ ಕಟ್ಟಿದಳು, ಇನ್ನೂ ಮೇಲೆ, ಇನ್ನೂ ಚೂರು ಮೇಲೆ, ಎನ್ನುತ್ತಾ ಗದ್ದದ ಕೆಳಗೇ ಬರುವಂತೆ ಬಿಗಿದಳು, ಕುಳ್ಳಿಯ ಗಾಜು ಹೊರಮುಖವಾಗಿ ನಿಂತಿತು, ಮೇಲೆ ನಾನು. ಚೆನ್ನಾಗಿದೆ, ಬಸ್ಸಿಗೆ ಬೋರ್ಡು ಹಾಕಿದ ಹಾಗೆ, ಎಂದಳು ನನ್ನವಳು.

ಹೇಳಬೇಕು ಈಗ. ಒಂದು ಶಾಲೆ ಪಿಯಾನೋದಲ್ಲಿ, ಎಂದು ಶುರುಮಾಡಿದೆ, ಎತ್ತಬಾರದು, ನಾನಾಗಿ ಎತ್ತಬಾರದು, ಬೇಕೆಂದು ಎತ್ತಿದರೆ ಅವಳ ಕಣ್ಣಿಗೆ ತಿಳಿಯುತ್ತದೆ, ಓಡುವ ಬಾಟಲಿಯೊಳಗಿನ ಕೂದಲೆಳೆ ಹಿಡಿದವಳು — ಮೂರು ಮನೆ ಸದ್ದೇ ಮಾಡ್ತಿರಲಿಲ್ಲ — ಎತ್ತದೇ ಇರಲೂಬಾರದು, ಅದರ ಪಾಡಿಗೆ ಬಿಡು, ಅದು ಎಲ್ಲಿದೆ ಈಗ, ಕೆಳಗಿದೆಯೇ, ಅದಕ್ಕೆ ಗೊತ್ತಾಗಿಬಿಟ್ಟಿತೇ, ನಾಚಿಕೊಂಡಿತೇ, ಇಷ್ಟು ವರ್ಷ ಯಾರೂ ನೋಡುತ್ತಿಲ್ಲವೆಂಬಂತೆ ಆಡಿಕೊಂಡಿದ್ದದ್ದು — ಬಿಚ್ಚಿ ಕೈ ಹಾಕ್ದೆ — ಬೆವರು, ಹಣೆಯಲ್ಲಿ ಒಂದು ಹನಿ ಇಳಿಯುತ್ತಿದೆ, ಬಲಗಡೆಯಿಂದಲೇ — ಒಂದು ಹಲ್ಲಿನ ಸೆಟ್ಟು ಸಿಕ್ತು — ಹನಿ ಹುಬ್ಬಿನ ಮೇಲಂಚಿಗೆ ಬಂದು ಕೂತಿತು, ಮೇಷ್ಟ್ರುಗಳು ಸಾಲಾಗಿ ನಿಂತರು, ಆ ಶಾಲೆಯ ಹಳೆಯ ವಾಸನೆ ಬಂತು ಎಲ್ಲಿಂದಲೋ, ಬಾಯಿ ಬಿಗಿದುಕೊಂಡು ನಿಂತಿದ್ದ ಅವರ ಉಸಿರು, ಮೂಗಿನಲ್ಲೇ ಉಸಿರಾಡುತ್ತಿದ್ದರಲ್ಲ ಎಲ್ಲರೂ, ನನಗೆ ಒಳಗಿನಿಂದ ನಗು ಉಕ್ಕಿತು, ಇದು ಯಾರದಪ್ಪಾ ಅಂತ ಕೇಳ್ದೆ — ಆಗ ಹನಿ ಅಲುಗಿತು, ನಾನೇನೂ ಮಾಡಲಿಲ್ಲ, ಚರ್ಮ ಮೆಲ್ಲಗೆ ಮಡಿಸಿಕೊಂಡಿತು, ಬಲಗಡೆ ಮಾತ್ರ, ಹನಿ ದಾರಿ ತಪ್ಪಿ ಕೆನ್ನೆಯ ಪಕ್ಕಕ್ಕೆ ಜಾರಿತು, ಒಬ್ರೂ ಎಂದೆ, ಬಾಯಿ ಎನ್ನುವ ಮುಂಚೆ, ಅರ್ಧ ಅಕ್ಷರ ಮುಂಚೆ, ಅವಳ ನಗು ಹೊರಟಿತು, ಕುಳ್ಳಿ ಇನ್ನೂ ಒಂದಕ್ಷರ ತೋರಿಸಿಲ್ಲ, ಸೆರಗು ಬಂದು ಹುಬ್ಬಿಗೆ ತಾಗಿತು, ಧೂಳು ಕೂತಿದೆ ಎಂದಳು, ನಾನು ಅವಳ ಅಂಗೈ ಹುಡುಕಿ ಒಂದು ಸಲ ಒತ್ತಿದೆ, ಹುಬ್ಬು ಇನ್ನೂ ಮೇಲೇ ಇದೆ.