ಉತ್ತರ ಕೊಡದ ಕೈ

ಬೇರೆಯವರು ಬರುವ ಮೊದಲೇ ಹಿಸಾನೊ ಬೂಟಿನ ಲೇಸು ಕಟ್ಟಿ ಮುಗಿಸಬೇಕಿತ್ತು. ಉತ್ತರ ಜಪಾನಿನ ಬಂದರು ಊರು ಹಾಚಿನೊಹೆಯ ವ್ಯಾಯಾಮಶಾಲೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಸೀಮೆಎಣ್ಣೆ ಒಲೆ ಇನ್ನೂ ಕಾದಿರಲಿಲ್ಲ. ಕಣ್ಣಿಟ್ಟು ನೋಡಿದರಷ್ಟೇ ಬಲಗೈ ಬೆರಳುಗಳಿಗೆ ಲೇಸು ಸಿಕ್ಕಿದೆಯೋ ಇಲ್ಲವೋ ತಿಳಿಯುತ್ತಿತ್ತು. ಕೊನೆಗೆ ಮೊಣಕಾಲನ್ನು ಎದೆಗೆಳೆದುಕೊಂಡು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಿಂದ ಜಗ್ಗಿ ಬಿಗಿದಳು. ಕುತ್ತಿಗೆಯಿಂದ ಭುಜಕ್ಕೆ ಬೆಂಕಿಯ ಎಳೆಯೊಂದು ಹರಿಯಿತು. ಅದಕ್ಕೆ ಅವಳಿಗೆ ಬೇಜಾರಾಗಲಿಲ್ಲ. ಉರಿಯುವ ಜಾಗವಾದರೂ ಇನ್ನೂ ತನ್ನದೇ.

ಸೆಂದಾಯ್‌ನ ಡಾಕ್ಟರು ಎಕ್ಸ್‌ರೇ ಹಿಡಿದು ಹೇಳಿದ್ದು ಸರಳವಾಗಿತ್ತು. ಇನ್ನೊಂದು ಸಲ ತಲೆಯ ಮೇಲೆ ಬಿದ್ದರೆ ನಡೆಯುವುದು ನಿಂತರೂ ನಿಂತೀತು. ಹಿಸಾನೊ ತಲೆಬಾಗಿ ವಂದಿಸಿ ಹೊರಬಂದಿದ್ದಳು. ವಿದಾಯದ ಕುಸ್ತಿಯ ಟಿಕೆಟ್ಟುಗಳು ಆಗಲೇ ಖರ್ಚಾಗಿದ್ದವು. ಅವಳು ಯಾರಿಗೂ ಹೇಳಲಿಲ್ಲ.

ಹದಿನಾರರಲ್ಲಿ ಸ್ಕ್ವಿಡ್ ಹಿಡಿಯುವ ದೋಣಿಯವನ ಮಗಳಾಗಿ ಈ ಊರು ಬಿಟ್ಟು ಕುಸ್ತಿ ಕಂಪನಿ ಸೇರಿದವಳು. ಮೊದಲ ವರ್ಷವಿಡೀ ಹಿರಿಯರ ಬೆನ್ನುಜ್ಜುವುದು, ಅನ್ನ ಬೇಯಿಸುವುದು, ಬೀಳುವುದನ್ನು ಕಲಿಯುವುದು. ಆಮೇಲೆ ಮುಖಕ್ಕೆ ಕರಿ ಬಳಿದು ದುಷ್ಟಳಾಗಿ ಆಡಿದ ವರ್ಷಗಳು, ಮುದುಕಿಯರು ಕಿತ್ತಳೆ ಹಣ್ಣು ಎಸೆದು ಹೊಡೆದ ಊರುಗಳು. ಬಣ್ಣ ತೊಳೆದು ಒಳ್ಳೆಯವಳಾಗಿ ಆಡಿದ ಮೇಲೆ ಅದೇ ಮುದುಕಿಯರು ಅವಳ ಹೆಸರು ಹಿಡಿದು ಅತ್ತಿದ್ದೂ ಉಂಟು. ಈ ಪ್ರದರ್ಶನದ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಬೀಳುವುದು ಮಾತ್ರ ನಿಜ. ಹಾಗೆ ಬಿದ್ದೂ ಬಿದ್ದೂ ಅವಳಿಗೆ ನಲವತ್ತನಾಲ್ಕಾಗಿತ್ತು.

ಇವತ್ತಿನ ತೀರ್ಮಾನವೂ ಆಗಿತ್ತು. ಕಣ ಬಿಟ್ಟು ಹೋಗುವವಳು ಗೆಲುವನ್ನು ಜೊತೆಗೆ ಒಯ್ಯುವಂತಿಲ್ಲ, ಕಿರಿಯಳೊಬ್ಬಳಿಗೆ ಸೋತು ಅಲ್ಲೇ ಬಿಟ್ಟುಹೋಗಬೇಕು. ಆಮೇಲೆ ದೀಪಗಳನ್ನು ತಗ್ಗಿಸುತ್ತಾರೆ, ಕಣದ ನಟ್ಟನಡುವೆ ಅವಳೊಬ್ಬಳೇ ನಿಲ್ಲುತ್ತಾಳೆ, ಹತ್ತು ಸಲ ಗಂಟೆ ಬಾರಿಸುತ್ತಾರೆ. ಅಲ್ಲಿಗೆ ಮುಗಿಯಿತು. ಹಿಸಾನೊಗೆ ಬೇಕಿದ್ದದ್ದು ಎರಡೇ. ಆ ಕಿರಿಯಳು, ಕೊಹಾರು, ಅವಳ ದೊಡ್ಡ ಪಟ್ಟಿನಲ್ಲಿ ತನ್ನನ್ನು ಕೆಡವಬೇಕು. ಕೆಡವಿದ ಮೇಲೆ ತಾನು ಎದ್ದು, ಆ ಗಂಟೆಗಳಿಗೆ ನಿಂತಿರಬೇಕು.

ಕೊಹಾರು ಬಾಗಿಲಲ್ಲಿ ತಲೆಬಾಗಿ ಒಳಬಂದಳು. ಇಪ್ಪತ್ಮೂರರ ಹುಡುಗಿ, ಗೂಳಿಯಂಥ ಬೆನ್ನು. ಹಿಸಾನೊಳ ಕೈಯಲ್ಲೇ ಪಳಗಿದವಳು. ಹಿಂದಿನಿಂದ ತಬ್ಬಿ ಎತ್ತಿ, ತಾನೂ ಬಿಲ್ಲಿನಂತೆ ಬಾಗಿ, ಎದುರಾಳಿಯನ್ನು ತಲೆಯ ಮೇಲಿಂದ ಹಿಂದಕ್ಕೆ ಒಗೆಯುವ ಪಟ್ಟು ಅವಳದು. ಅದು ಭುಜದ ಮೇಲೆ ಇಳಿದರೆ ಚಂದ, ಕೂದಲೆಳೆ ತಪ್ಪಿದರೆ ಕುತ್ತಿಗೆ.

ಈ ದಿನದ ಮಟ್ಟಿಗೆ ಸ್ವಲ್ಪ ಮೆತ್ತಗಿನದೇನಾದರೂ ಹಾಕಲೇ ಎಂದು ಅವಳು ನೆಲ ನೋಡುತ್ತ ಕೇಳಿದಳು.

"ಯಾಕೆ, ನಾನೇನು ತೋಫುನಾ? ಮುಟ್ಟಿದ್ರೆ ಒಡೆದುಹೋಗ್ತೀನಾ?" ಎಂದಳು ಹಿಸಾನೊ.

"ಹಾಗಲ್ಲ ಅಕ್ಕ. ಇತ್ತೀಚೆಗೆ ನೀವು ಕತ್ತು ತಿರುಗಿಸೋ ಬದಲು ಇಡೀ ಮೈ ತಿರುಗಿಸ್ತೀರಿ."

"ವಯಸ್ಸಾಯ್ತು ಕಣೇ. ನಿನ್ನ ದೊಡ್ಡ ಪಟ್ಟೇ ಹಾಕು. ಮೆತ್ತಗೆ ಹಾಕಿದ್ಯೋ, ಊರವರ ಮುಂದೆ ಕಪಾಳಕ್ಕೆ ಬಾರಿಸ್ತೀನಿ."

ಕೊಹಾರು ನಕ್ಕಳು. ಹಿಸಾನೊ ಬಲಗೈಯನ್ನು ಟವೆಲ್ಲಿನ ಕೆಳಗೆ ಸರಿಸಿಕೊಂಡಳು.

ವ್ಯಾಯಾಮಶಾಲೆ ತುಂಬಿತ್ತು. ಮುಂದಿನ ಸಾಲಲ್ಲಿ ಮೀನು ಮಾರ್ಕೆಟ್ಟಿನ ಹೆಂಗಸರು ದಪ್ಪ ಕೋಟು ತೊಟ್ಟು, ಕೈಯಲ್ಲಿ ಬಣ್ಣದ ಕಾಗದದ ಸುರುಳಿ ಹಿಡಿದು ಕೂತಿದ್ದರು. ಅವರ ನಡುವೆ ಹಿಸಾನೊಳ ಅತ್ತಿಗೆ ತೋಯೊ. ಸಂತೆಯಲ್ಲಿ ಬೆಲೆ ಕೂಗಿ ಕೂಗಿ ಒಡೆದುಹೋದ ಆ ಗಂಟಲು ಮೈಕನ್ನೂ ಮೀರಿಸುತ್ತಿತ್ತು. ಹೆಸರು ಕೂಗಿದಾಗ ಸುರುಳಿಗಳು ಬಿಚ್ಚಿಕೊಳ್ಳುತ್ತ ಹಾರಿಬಂದು ಹಿಸಾನೊಳ ತಲೆ, ತೋಳುಗಳ ಮೇಲೆಲ್ಲ ಜೋತುಬಿದ್ದವು. ಬಲ ಅಂಗೈಯಲ್ಲಿ ಕೆಂಪು ಸುರುಳಿಯೊಂದು ಸಿಕ್ಕಿಕೊಂಡದ್ದು ಅವಳಿಗೆ ಗೊತ್ತಾಗಲೇ ಇಲ್ಲ. ರೆಫರಿ ಸುಗಾವಾ ಅದನ್ನು ಬಿಡಿಸಿ ತೆಗೆದು, ಒಂದು ಕ್ಷಣ ಅವಳ ಮುಖ ನೋಡಿದ.

ಗಂಟೆ ಹೊಡೆಯಿತು.

ಮೊದಲ ನಿಮಿಷಗಳನ್ನು ಅವಳು ಎಡಗೈಯಿಂದಲೇ ಆಡಿದಳು. ಹೊಡೆತ, ಎಳೆತ, ತಳ್ಳು, ಎಲ್ಲವೂ ಎಡದಿಂದಲೇ. ಅನುಮಾನ ಬಾರದಂತೆ ನಡುವೆ ಬಲ ಮೊಣಕೈಯನ್ನು ಬೀಸುತ್ತಿದ್ದಳು. ಜನರಿಗೆ ಖುಷಿಯೋ ಖುಷಿ. ತಾನು ಬೀಳಬೇಕಾದ ಜಾಗಗಳನ್ನೆಲ್ಲ ಮನಸ್ಸಿನಲ್ಲೇ ಗುರುತು ಹಾಕಿಟ್ಟಿದ್ದಳು, ಒಂದೊಂದೂ ಭುಜ, ಬೆನ್ನು, ಸೊಂಟ. ತಲೆ ಮಾತ್ರ ಕೊನೆಯದಕ್ಕೆ.

ಕೊಹಾರು ಹಗ್ಗದ ಮೇಲಿಂದ ಹಾರಿ ಎದೆಗೆ ಒದ್ದಳು. ಹಿಸಾನೊ ಬಿದ್ದಳು, ಬೆನ್ನಿನ ಮೇಲೆ, ಲೆಕ್ಕದ ಪ್ರಕಾರವೇ. ಆದರೆ ತಲೆ ಒಂದಿಷ್ಟು ಪುಟಿಯಿತು. ಚಾವಣಿಯ ದೀಪಗಳು ಒಂದರೊಳಗೊಂದು ಸರಿದು ಮತ್ತೆ ಬೇರೆಯಾದವು. ಅಷ್ಟೇ. ಉಸಿರು ಕೂಡಿಸಿಕೊಳ್ಳಲು ಅವಳು ಕಣ್ಣು ಮುಚ್ಚಿದಳು.

ಕೊಹಾರು ಅವಳ ಮೇಲೆ ಒರಗಿ ಕುತ್ತಿಗೆ ಸುತ್ತ ತೋಳು ಹಾಕಿ ಹಿಡಿದಳು. ಜನರ ಕಣ್ಣಿಗೆ ಅದು ಉಸಿರು ಕಟ್ಟಿಸುವ ಪಟ್ಟು. ಅದರ ಮರೆಯಲ್ಲಿ ಅವಳು ಹಿಸಾನೊಳ ಬಲಗೈ ಹಿಡಿದು ಒತ್ತಿದಳು. ಕಣದಲ್ಲಿ ಬಾಯಿಬಿಟ್ಟು ಕೇಳುವಂತಿಲ್ಲ. ಒಬ್ಬಳು ಕೈ ಒತ್ತಿದರೆ ಇನ್ನೊಬ್ಬಳು ತಿರುಗಿ ಒತ್ತಬೇಕು, ಸರಿಯಾಗಿದ್ದೇನೆ, ನಡೆಸು ಎಂದು. ಒತ್ತದಿದ್ದರೆ, ಕುಸ್ತಿ ನಿಲ್ಲಿಸಿ ಎಂದು ರೆಫರಿ ತೋಳುಗಳನ್ನು ತಲೆಯ ಮೇಲೆ ಅಡ್ಡ ಹಿಡಿಯುತ್ತಾನೆ. ಆಮೇಲೆ ಸ್ಟ್ರೆಚರ್. ಇದನ್ನೆಲ್ಲ ಕೊಹಾರುಗೆ ಕಲಿಸಿದವಳು ಹಿಸಾನೊಳೇ.

ಕೊಹಾರು ಒತ್ತಿದಳು. ಮತ್ತೆ ಒತ್ತಿದಳು.

ಹಿಸಾನೊ ಕಣ್ಣು ತೆರೆದಾಗ ಸುಗಾವಾ ಮೊಣಕಾಲೂರಿ ಕೂತಿದ್ದ, ಅವನ ಎರಡೂ ಕೈಗಳು ಮೇಲೇಳುತ್ತಿದ್ದವು. ಕೊಹಾರುವಿನ ಮುಖ ಬಿಳಿಚಿಕೊಂಡಿತ್ತು. ಏನಾಗಿದೆಯೆಂದು ಹಿಸಾನೊಗೆ ತಿಳಿಯಲು ಅರೆಗಳಿಗೆ ಬೇಕಾಯಿತು. ಲೇಸು, ಬಟನ್ನು, ಊಟದ ಕಡ್ಡಿ, ಎಲ್ಲಕ್ಕೂ ಉಪಾಯ ಹುಡುಕಿದ್ದವಳು ಇದನ್ನೊಂದನ್ನು ಮರೆತಿದ್ದಳು.

"ಎಡಗೈ," ಎಂದಳು ಕೂದಲ ಮರೆಯಿಂದ. "ಎಡಗೈ ಹಿಡ್ಕೊಳ್ಳೇ."

ಕೊಹಾರು ಹಿಡಿದಳು. ಹಿಸಾನೊ ಮೂಳೆ ನೋಯುವಂತೆ ಒತ್ತಿದಳು. ಸುಗಾವಾನ ಕೈಗಳು ಅರ್ಧದಲ್ಲೇ ನಿಂತು ಕೆಳಗಿಳಿದವು. ಕೊಹಾರು ಮಾತ್ರ ಆ ಬಲಗೈಯನ್ನು ಬಿಡಲಿಲ್ಲ. ಹೆಬ್ಬೆರಳಿನ ಉಗುರನ್ನು ಅಂಗೈಗೆ ಬಲವಾಗಿ ನಾಟಿ, ಹಿಸಾನೊಳ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಏನೂ ಕದಲಲಿಲ್ಲ.

"ಯಾವಾಗಿಂದ?"

"ಬಾಯಿ ಮುಚ್ಚು. ಏಳು. ಎತ್ತು."

"ಕುತ್ತಿಗೇನಾ?"

"ಎತ್ತು ಅಂದೆ."

"ಆಗಲ್ಲ ಅಕ್ಕ."

ಹಿಸಾನೊ ಅವಳನ್ನು ದೂಡಿ ಎದ್ದಳು. ಎದ್ದವಳೇ ಹೇಳಿದ್ದಂತೆ ಕಪಾಳಕ್ಕೆ ಬಾರಿಸಿದಳು, ಮತ್ತೆ ಬಾರಿಸಿದಳು. ಹುಡುಗಿಯ ತುಟಿ ಒಡೆಯಿತು. ಜನ ಕಾಲು ಬಡಿಯುತ್ತ ಕೂಗಿದರು. ಕೊಹಾರು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಲ್ಲೇ ನಿಂತಿದ್ದಳು. ಹಿಸಾನೊ ಬೇಕೆಂದೇ ತಿರುಗಿ ಬೆನ್ನು ಕೊಟ್ಟಳು. ಇದಕ್ಕಿಂತ ಹೆಚ್ಚು ಬೇಡಿಕೊಳ್ಳುವುದು ಅವಳಿಗೆ ಬರುತ್ತಿರಲಿಲ್ಲ.

ತೋಳುಗಳು ಹಿಂದಿನಿಂದ ಬಂದು ಸೊಂಟ ಬಳಸಿದವು, ಬೆರಳುಗಳು ಬೆಸೆದುಕೊಂಡವು. ಹಿಸಾನೊಳ ಹಿಮ್ಮಡಿ ನೆಲ ಬಿಟ್ಟಿತು. ಗದ್ದವನ್ನು ಎದೆಗೆ ಒತ್ತಿಕೊಂಡು ಅವಳು ಕಾದಳು.

ಪಾದಗಳು ಮತ್ತೆ ನೆಲ ಮುಟ್ಟಿದವು. ಅವಳಿಗೆ ಅರ್ಥವಾಗುವ ಮೊದಲೇ ಕೊಹಾರು ಅವಳ ಕಾಲಿನೊಳಗೆ ಕಾಲು ತೂರಿಸಿ, ಮಗುವನ್ನು ಹಾಸಿಗೆಯಲ್ಲಿ ಹೊರಳಿಸುವ ಹಾಗೆ ಉರುಳಿಸಿ, ಮುದ್ದೆ ಕಟ್ಟಿ, ಎರಡೂ ಭುಜ ನೆಲಕ್ಕೆ ತಾಗಿಸಿ ಹಿಡಿದುಬಿಟ್ಟಿದ್ದಳು. ಕುಸ್ತಿಶಾಲೆಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರ ಕಲಿಸುವ ಪಟ್ಟು. ಅದಕ್ಕೆ ಯಾರೂ ಸೋಲುವುದಿಲ್ಲ.

ಸುಗಾವಾ ತಬ್ಬಿಬ್ಬಾಗಿ ಅಂಗೈಯಿಂದ ನೆಲ ಬಡಿದ. ಒಂದು.

ಮೂರು ಎಣಿಸುವುದರೊಳಗೆ ಭುಜ ಎತ್ತಿದರೆ ಸಾಕಿತ್ತು. ಎತ್ತಲು ಎಡತೋಳು ಆಗಲೇ ಬಿಗಿದುಕೊಂಡಿತ್ತು. ಎತ್ತಿ, ಮತ್ತೆ ಕಪಾಳಕ್ಕೆ ಬಾರಿಸಿ, ಮತ್ತೆ ಬೆನ್ನು ಕೊಟ್ಟು, ಈ ಹುಡುಗಿ ರೊಚ್ಚಿಗೇಳುವವರೆಗೆ ಕೆಣಕಬಹುದಿತ್ತು.

ಎರಡು.

ಕೊಹಾರುವಿನ ಗಲ್ಲ ಹಿಸಾನೊಳ ಹೊಟ್ಟೆಗೆ ಒತ್ತಿಕೊಂಡಿತ್ತು. ಹೀಗೆ ಬಿಗಿದು ಹಿಡಿದ ಈ ಕೈಗಳಿಂದಲೇ ಅವಳು ತನ್ನನ್ನು ಎತ್ತಬೇಕಿತ್ತು. ಒಗೆದ ಮೇಲೆ ತಾನು ಏಳದೇ ಹೋಗಿದ್ದರೆ ಈ ಕೈಗಳಿಗೆ ಮುಂದೇನು? ಈ ಪ್ರಶ್ನೆಯನ್ನು ಸೆಂದಾಯ್‌ನಿಂದ ಇಲ್ಲಿಯವರೆಗೆ ಹಿಸಾನೊ ಕೇಳಿಕೊಂಡೇ ಇರಲಿಲ್ಲ. ಗೆಲುವು ಬಿಟ್ಟುಹೋಗುತ್ತೇನೆಂದು ಹೊರಟವಳು ಹುಡುಗಿಯ ಕೈಗೆ ಏನನ್ನು ಹಾಕಲಿದ್ದಳು?

ಎಡತೋಳನ್ನು ಅವಳು ಸಡಿಲಬಿಟ್ಟಳು.

ಮೂರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಿಂದ ಯಾರೋ, ದುಡ್ಡು ವಾಪಸ್ ಕೊಡಿ ಎಂದ. ಇನ್ನೊಬ್ಬ ಕೊಹಾರುವನ್ನು ಪುಕ್ಕಲಿ ಎಂದು ಕರೆದ. ಕಣದ ಪಕ್ಕದಲ್ಲಿ ಕಂಪನಿಯ ಯಜಮಾನ ತಲೆಗೆ ಕೈ ಹೊತ್ತಿದ್ದ. ಕೊಹಾರು ಮೂಲೆಯ ಕಂಬಕ್ಕೆ ಮುಖ ಮಾಡಿ ನಿಂತಿದ್ದಳು. ಆ ಗೂಳಿಬೆನ್ನು ಒಮ್ಮೆಲೇ ಕುಗ್ಗಿದಂತಿತ್ತು. ಹೀಗೇ ಬಿಟ್ಟರೆ ನಾಳೆಯಿಂದ ಊರೂರಲ್ಲೂ ಆ ಹೆಸರೇ ಅವಳ ಬೆನ್ನು ಹತ್ತುತ್ತದೆ.

ಹಿಸಾನೊ ಎಡಗೈಯಲ್ಲಿ ಮೈಕು ಕೇಳಿ ಪಡೆದಳು. ಬಲಗೈಯನ್ನು ಬೆಳಕಿಗೆ ಎತ್ತಿ ಹಿಡಿದಳು. ಮೈಗೆ ಅಂಟಿಕೊಂಡಿರುವ ಬೇರೆ ಯಾರದೋ ಕೈಯಂತಿತ್ತು ಅದು.

"ಈ ಕೈ ಸತ್ತು ಮೂರು ತಿಂಗಳಾಯ್ತು. ಕುತ್ತಿಗೆ ಮುಗಿದಿದೆ. ಡಾಕ್ಟ್ರು ಹೇಳಿದ್ರು, ನಾನು ಮುಚ್ಚಿಟ್ಟೆ. ಇವಳು ಈಗ ಕಂಡುಹಿಡಿದ್ಲು, ಅದಕ್ಕೇ ಒಗೀಲಿಲ್ಲ. ನಾನು ಒಗೆ ಅಂತ ಹೊಡೆದೆ, ಆದ್ರೂ ಒಗೀಲಿಲ್ಲ. ಪುಕ್ಕಲಿ ಅನ್ನೋದಾದ್ರೆ ನನ್ನನ್ನ ಅನ್ನಿ."

ಮೈಕು ಗುಂಯ್ ಎಂದಿತು.

"ಮನೇಲಿ ಹೇಳೋಕೇನಾಗಿತ್ತೇ ನಿಂಗೆ, ಕತ್ತೆ ಮುಂಡೇದೆ," ಎಂದು ಮುಂದಿನ ಸಾಲಿನಿಂದ ತೋಯೊ ಒಡಕು ಗಂಟಲಲ್ಲಿ ಬೈದಳು. ಬೈಯುತ್ತಲೇ ಅಳುತ್ತಿದ್ದಳು. ಸುತ್ತಲಿನ ಮೀನಿನ ಹೆಂಗಸರು ನಕ್ಕರು. ಆ ನಗು ನಿಧಾನವಾಗಿ ಹಿಂದಿನ ಸಾಲುಗಳಿಗೆ ಹಬ್ಬಿ, ಎಲ್ಲೋ ಮಧ್ಯದಲ್ಲಿ ಚಪ್ಪಾಳೆಯಾಯಿತು.

ದೀಪಗಳು ತಗ್ಗಿದವು. ಕೊಹಾರು ಕೆಳಗಿಳಿಯಲು ಹಗ್ಗ ಎತ್ತಿದಳು. ಈ ಹೊತ್ತಿನಲ್ಲಿ ಕಣದ ನಡುವೆ ಇನ್ನೊಬ್ಬರು ಇರುವಂತಿಲ್ಲ. "ಇರು, ನನಗೆ ನಿಲ್ಲೋಕೆ ಆಗ್ತಿಲ್ಲ," ಎಂದಳು ಹಿಸಾನೊ. ಅಷ್ಟು ಮೆಲ್ಲಗೆ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೊಹಾರು ಓಡಿಬಂದು, ಅವಳ ತೋಳಿನ ಕೆಳಗೆ ಭುಜ ಕೊಟ್ಟಳು. ಗಂಟೆಯವನು ಯಜಮಾನನ ಕಡೆ ಒಮ್ಮೆ ನೋಡಿದ. ಆಮೇಲೆ ಸುತ್ತಿಗೆ ಎತ್ತಿ ಹತ್ತರಲ್ಲಿ ಮೊದಲನೆಯದನ್ನು ಬಾರಿಸಿದ.